ಒಂದು ಹನಿ ರಕ್ತಕ್ಕೆ ಶಾರ್ಕ್ ಓಡಿ ಬರುತ್ತಾ?

ಪ್ರಶ್ನೆ: ಹನಿ ರಕ್ತ ಬಿದ್ದರೂ ಶಾರ್ಕ್‌ಗೆ ಮೈಲಿ ದೂರದಿಂದ ಗೊತ್ತಾಗುತ್ತೆ ಅಂತಾರಲ್ಲ, ನಿಜವಾ? ಡೈವಿಂಗ್‌ನಲ್ಲಿ ಎದುರಾದರೆ ಏನು ಮಾಡೋದು?

ಉತ್ತರ 1: ಬರೀ ಬುರುಡೆ. ವಾಸನೆ ನೀರಿನ ಹರಿವಿನಲ್ಲೇ ಸಾಗಿ ಮೂಗು ಮುಟ್ಟಬೇಕು; ಅಷ್ಟರಲ್ಲಿ ಹನಿ ಕರಗಿಹೋಗಿರುತ್ತೆ. ನಿಜವಾದ ಕರಾಮತ್ತು ಮೂತಿ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತಿರುವ ಚುಕ್ಕೆಗಳದ್ದು. ಅವು ಲೋಳೆ ತುಂಬಿದ ಕೊಳವೆಗಳ ಬಾಯಿ. ಮರಳಲ್ಲಿ ಹೂತ ಮೀನಿನ ಸ್ನಾಯುವಿನ ವಿದ್ಯುತ್ತನ್ನೂ ಹಿಡಿಯುತ್ತವೆ, ತೀರಾ ಹತ್ತಿರದಲ್ಲಿ ಮಾತ್ರ.

ಉತ್ತರ 2: ಎದುರಾದರೆ ಕೈಕಾಲು ಬಡಿಯಬೇಡಿ. ಬೆನ್ನು ತೋರಿಸದೆ, ಕಣ್ಣು ಕೀಳದೆ, ನಿಧಾನಕ್ಕೆ ಹಿಂದೆ ಸರಿಯಿರಿ. ಬೂದು ಹವಳದಿಬ್ಬದ ಶಾರ್ಕ್ ಬೆನ್ನು ಬಾಗಿಸಿ, ಎದೆರೆಕ್ಕೆ ಕೆಳಗಿಳಿಸಿದರೆ ಅದು ಬೆದರಿಕೆ. ಕಚ್ಚಿದರೆ ಕಣ್ಣು, ಕಿವಿರಿಗೆ ಹೊಡೆಯಿರಿ. ದಡದಲ್ಲಿ ಮೊದಲ ಕೆಲಸ ಗಾಯ ಒತ್ತಿ ಹಿಡಿಯೋದು.

ಉತ್ತರ 3: 500ಕ್ಕೂ ಹೆಚ್ಚು ಜಾತಿಗಳಿವೆ. ಮಾರಕ ದಾಳಿಗಳಲ್ಲಿ ಹೆಚ್ಚಿನವು ದೊಡ್ಡ ಬಿಳಿ, ಹುಲಿ, ಬುಲ್ ಶಾರ್ಕ್‌ಗಳವು. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ಮುಖ್ಯವಾಗಿ ತಿನ್ನೋದು ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳನ್ನು!