ಅಜ್ಜಿ ಟ್ರಂಕಿನ ಸೀರಿ: ಕತ್ರಿಗಿಂತ ಮೊದಲ ಕೊಂಡಿ ನೋಡು

ತಂಗಿ, ನೀ ಹಾಕಿದ ಫೋಟೋ ನೋಡಿದೆ. ಅಜ್ಜಿ ಟ್ರಂಕಿನ್ಯಾಗ ಸಿಕ್ಕ ಮೂರು ಇಳಕಲ್ ಸೀರಿ, ಒಂದು ಗುಳೇದಗುಡ್ಡದ ಖಣ, ಅಂದ್ರ ಕುಬಸದ ಅರಿವಿ. "ಹಳೇ ಕಾಲದ ಹಂಗ ತಯಾರಾಗಬೇಕು, ಒಂದು ಸೀರಿ ಕತ್ತರಿಸಿ ಗೌನ್ ಹೊಲಿಸಲೇನು" ಅಂತ ಕೇಳೀದಿ. ಕತ್ರಿ ಸದ್ಯ ಬದಿಗಿಡವಾ. ಅರಿವಿ ತಡೀತೈತೋ ಇಲ್ಲೋ, ಅದನ್ನ ಮೊದಲ ನೋಡು.

ಸೀರಿ ತಿರುವಿ ಹಾಕಿ, ಒಡಲು ಸೆರಗು ಕೂಡೋ ಜಾಗ ಹುಡುಕು. ಒಡಲಿನ ಹಾಸು (ಉದ್ದಕ್ಕ ಹೋಗೋ ಎಳಿ) ಹತ್ತಿ, ಸೆರಗಿನ ಹಾಸು ರೇಷ್ಮಿ. ಎರಡರ ಎಳಿ ಒಂದರಾಗೊಂದು ಕುಣಿಕಿ ಹಾಕಿ ಮಗ್ಗಕ್ಕ ಏರಿಸಿರ್ತಾರ. ಅದೇ ಕೊಂಡಿ. ಹಳೇ ಸೀರಿ ಬಿಡೋದು ಹೆಚ್ಚಾಗಿ ಇಲ್ಲೇ, ಇಲ್ಲಂದ್ರ ವರ್ಷಾನುಗಟ್ಟಲೆ ಒಂದೇ ಮಡಿಕಿ ಬಿದ್ದಲ್ಲಿ. ಬೆಳಕಿಗೆ ಹಿಡಿದು ನೋಡು, ಎರಡೂ ಹೆಬ್ಬೆಟ್ಟು ಇಟ್ಟು ಮೆಲ್ಲಕ ಜಗ್ಗು. ಪರ್ ಅಂತ ಸೀಳಿದ್ರ ಆ ಸೀರಿ ಉಡಾಕ ಬರೂದಿಲ್ಲ. ಬರೇ ಸಡಿಲ ಆಗಿದ್ರ ಹಿಂದ 3 ಇಂಚು ಅಗಲದ ಮಲ್ಮಲ್ ಪಟ್ಟಿ ಕೊಟ್ಟು ಕೈಲೇ ಸಡಿಲ ಹೊಲಿಗಿ ಹಾಕು. ಮಲ್ಮಲ್ ಮೊದಲ ನೆನಸಿ ಒಣಗಿಸಿರಬೇಕು, ಇಲ್ಲಂದ್ರ ಆಮ್ಯಾಲೆ ಅದು ಕುಗ್ಗಿ ಸೆರಗನ್ನೇ ಜಗ್ತೈತಿ. ಮಶೀನ್ ಹೊಲಿಗಿ ಮಾತ್ರ ಬ್ಯಾಡ, ಸೂಜಿ ಹಳೇ ಎಳಿ ಕಡೀತೈತಿ.

ತೊಳಿಯೂದಕ್ಕ ಅವಸರ ಮಾಡಬ್ಯಾಡ. ಒದ್ದಿ ಬಿಳಿ ಅರಿವಿ ಸೆರಗಿನ ಮೂಲಿಗೆ 1 ನಿಮಿಷ ಒತ್ತಿ ಹಿಡಿ. ಕೆಂಪು ಹತ್ತಿತು ಅಂದ್ರ ನೀರಿಗೆ ಹಾಕಲೇಬ್ಯಾಡ, ಡ್ರೈಕ್ಲೀನ್ ಕೊಡು. ಇಲ್ಲಂದ್ರ ಸೆರಗಿನ್ಯಾಗಿನ ಬಿಳಿ ತೆನಿ, ಹಣಿಗಿ ಚಿತ್ತಾರ ಎಲ್ಲಾ ಗುಲಾಬಿ ಆಗಿ ಕುಂದ್ರತಾವು. ಬಣ್ಣ ಬಿಡದಿದ್ರ ತಣ್ಣೀರು ಸಾಕು. ಬಿಸಿನೀರಾಗ ಹತ್ತಿ ಒಡಲು ಕುಗ್ತೈತಿ, ರೇಷ್ಮಿ ಅಷ್ಟು ಕುಗ್ಗೂದಿಲ್ಲ, ಕೊಂಡಿಗುಂಟ ಸುಕ್ಕು ಬೀಳ್ತೈತಿ. ಹಿಂಡಬ್ಯಾಡ, ನೆರಳಾಗ ಹರವು.

ರೊಕ್ಕ ಹಾಕೂದಿದ್ರ ಕುಬಸಕ್ಕ ಹಾಕು, ಹಳೇ ಕಳಿ ಬರೋದು ಅದರಿಂದನ. ಕೊಳ್ಳಿಗೆ ಹತ್ತಿದ ದುಂಡು ಗಳ, ಮೊಣಕೈಗಿಂತ ಸ್ವಲ್ಪ ಮ್ಯಾಲೆ ತೋಳು, ಪ್ಯಾಡ್ ಇಲ್ಲ. ಖಣದ ಪನ್ನಾ (ಅಗಲ) ಸಣ್ಣದು, ಅದಕ್ಕ ಟೇಲರ್‌ಗೆ ಮೊದಲ ತೋಳು ಕತ್ತರಿಸಾಕ ಹೇಳು, ದಡಿ ತೋಳಿನ ತುದಿಗೇ ಬರಬೇಕು. ಅರಿವಿ ಕಡಿಮಿ ಬಿದ್ರ ಕಂಕುಳಾಗ ಅದೇ ಬಣ್ಣದ ಹತ್ತಿ ತುಂಡು ಕೂಡಿಸಲಿ, ಕಾಣೂದಿಲ್ಲ. ಒಳಗ ಎರಡೂ ಮಗ್ಗಲ 1 ಇಂಚು ಅರಿವಿ ಬಿಡಿಸು. ಹಳೇ ಖಣ ಬಿಗಿ ಹೊಲಿಸಿದ್ರ ಬೆನ್ನಾಗ ಹೊಲಿಗಿಗುಂಟ ಹರೀತೈತಿ.

ಹಸಿರು ಸೀರಿ 9 ವಾರದ್ದು ಇದ್ದಂಗ ಕಾಣತೈತಿ, ಅಳದು ನೋಡು. 8 ಮೀಟರ್ ದಾಟಿದ್ರ ಕಚ್ಚಿ ಹಾಕಿ ಉಡು. ಅದನ್ನ 6 ವಾರಕ್ಕ ಇಳಿಸಿದ್ರ ನನಗ ಭಾಳ ಸಂಕಟ ಆಗ್ತೈತಿ.

ಟ್ರಂಕಿಗೆ ಮತ್ತ ಹಂಗೇ ತುರುಕಬ್ಯಾಡ. ಕಬ್ಬಿಣದ ತುಕ್ಕಿನ ಕಲಿ ಹೋಗೂದು ಕಠಿಣ. ಬಿಳಿ ಮಲ್ಮಲ್‌ನ್ಯಾಗ ಸುತ್ತಿ, 3 ತಿಂಗಳಿಗೊಮ್ಮೆ ಮಡಿಕಿ ಬದಲಿಸು. ಡಾಂಬರ್ ಗುಳಿಗಿ ಅರಿವಿಗೆ ತಾಗಬಾರದು.

ಮೂರನೇ ಸೀರಿ, ಮಡಿಕಿಗೆಲ್ಲಾ ಸೀಳಿದ್ದು, ಅದನ್ನ ಕತ್ತರಿಸಬಹುದು. ಗೌನಿಗೆ ಅದು ತಡಿಯೂದಿಲ್ಲ. ಗಟ್ಟಿ ಇದ್ದಷ್ಟು ದಡಿ ಬಿಚ್ಚಿ ಹತ್ತಿ ಲಂಗದ ಅಂಚಿಗೆ ಹಚ್ಚು, ಸೆರಗು ಹಿಂದ ಮಲ್ಮಲ್ ಕೊಟ್ಟು ಓಢಣಿ ಮಾಡು. ಉಳಿದ ಒಡಲು ಕೌದಿಗೆ ತಗದಿಡು.