ಕೋಲಾರದ ಪೇಟೆಯೊಳಗಿನ ಹಳೇ ತೊಟ್ಟಿ ಮನೆ ಲಾಡ್ಜು: ಏನೇನು ಕೇಳಿ ರೂಮ್ ಹಿಡಿಯಬೇಕು?

ಕೇಳಿದವರು

ಏಪ್ರಿಲ್ ಕೊನೇ ವಾರ ಕೋಲಾರದಲ್ಲಿ ಮದುವೆ, ಮೂರು ರಾತ್ರಿ ಇರಬೇಕು. ಛತ್ರದ ಹತ್ತಿರ, ಪೇಟೆ ಒಳಗೇ ಹಳೇ ಕಲ್ಲಿನ ತೊಟ್ಟಿ ಮನೆಯೊಂದನ್ನ ಲಾಡ್ಜ್ ಮಾಡಿದ್ದಾರಂತೆ. ಫೋಟೋದಲ್ಲಿ ಚೆನ್ನಾಗಿದೆ. ನಾವು ಗಂಡ ಹೆಂಡತಿ, ಆರು ವರ್ಷದ ಮಗು, ಮಂಡಿ ನೋವಿರೋ 74ರ ಮಾವ. ಹೈವೇ ಪಕ್ಕದ ಹೊಸ ಹೋಟೆಲ್ ಬಿಟ್ಟು ಇಲ್ಲೇ ಇರೋಣ ಅಂತ ಆಸೆ. ಬುಕ್ ಮಾಡೋಕ್ಕೆ ಮುಂಚೆ ಏನು ಕೇಳಬೇಕು, ಹೋದ ಮೇಲೆ ಏನು ನೋಡಬೇಕು? ಗೊತ್ತಿರೋರು ಹೇಳಿ.

ಗಾರೆ ಕೆಲಸದವರು

ಧಾರಾಳವಾಗಿ ಇರಬಹುದು. ಆದರೆ ಹಳೇ ಮನೆ ಅಂತ ಹಳೇ ಭಾಗಕ್ಕೆ ಹೆದರಬೇಡಿ, ಅದು ನೂರು ವರ್ಷ ನಿಂತು ತೋರಿಸಿದೆ. ತೊಂದರೆ ಕೊಡೋದು ಅದರೊಳಗೆ ಈಚೆಗೆ ತುರುಕಿದ್ದು: ಬಾತ್‌ರೂಮು, ವೈರು, ಪೈಪು, ಪ್ಲಾಸ್ಟಿಕ್ ಪೇಂಟು. ಪ್ರಶ್ನೆಯೆಲ್ಲ ಅವುಗಳ ಮೇಲೇ ಇರಲಿ.

ಮೊದಲು ಮಾವನ ವಿಷಯ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿ ಇರ್ತಿತ್ತು, ರೂಮಿನೊಳಗೆ ಇರಲಿಲ್ಲ. ಈಗ ಪ್ರತಿ ರೂಮಿಗೂ ಕಕ್ಕಸು, ಸ್ನಾನದ ಮನೆ ಬೇಕು. ನೆಲ ಕಲ್ಲುಚಪ್ಪಡಿ, ಅಗೆದು ಪೈಪ್ ಹೂಳೋದು ಕಷ್ಟ. ಹಾಗಾಗಿ ಪೈಪನ್ನ ಹಳೇ ನೆಲದ ಮೇಲೇ ಮಲಗಿಸಿ, ಅದರ ಮೇಲೆ ಹೊಸ ನೆಲ ಎತ್ತಿಸ್ತಾರೆ. ಲೆಕ್ಕ ಹಾಕಿ: ಕಮೋಡ್ ಪೈಪು 110 ಮಿ.ಮೀ., ಅಂದರೆ ನಾಲ್ಕೂಕಾಲು ಇಂಚು. ಹತ್ತು ಅಡಿ ಓಡೋ ಪೈಪಿಗೆ ವಾಟ (ನೀರು ಹರಿಯೋಕ್ಕೆ ಇಳಿಜಾರು) ಎರಡು ಇಂಚು. ಮೇಲೆ ಕಾಂಕ್ರೀಟು, ಟೈಲ್ಸು ಸೇರಿ ಇನ್ನೆರಡು. ಎಂಟೂಕಾಲು ಇಂಚು ಆಯ್ತು. ಅದಕ್ಕೇ ಇಂಥ ಕಡೆ ಬಾತ್‌ರೂಮ್ ಬಾಗಿಲಲ್ಲಿ ಒಂದು ಎತ್ತರದ ಮೆಟ್ಟಿಲು ಇದ್ದೇ ಇರುತ್ತೆ. ರಾತ್ರಿ ನಿದ್ದೆಗಣ್ಣಲ್ಲಿ ಹತ್ತುವಾಗ ಏನೂ ಆಗಲ್ಲ, ಇಳಿಯುವಾಗ ಬೀಳ್ತಾರೆ.

ಕೇಳಬೇಕಾದ್ದು: ಮೆಟ್ಟಿಲು ಒಂದೇ ಎತ್ತರವೋ, ಇಲ್ಲ ನಡುವೆ ಅರ್ಧ ಮೆಟ್ಟಿಲು ಕಟ್ಟಿದ್ದಾರೋ? ಪಕ್ಕದ ಗೋಡೆಗೆ ಸ್ಟೀಲ್ ಹಿಡಿ ಇದೆಯೋ? "ಸಣ್ಣ ಮೆಟ್ಟಿಲು ಸರ್" ಅನ್ನೋ ಉತ್ತರ ಒಪ್ಪಬೇಡಿ. ವಿಡಿಯೋ ಕಾಲ್‌ನಲ್ಲಿ ಅವರ ಚಪ್ಪಲಿಯನ್ನ ಮೆಟ್ಟಿಲ ಪಕ್ಕ ನೆಟ್ಟಗೆ ನಿಲ್ಲಿಸಿ ತೋರಿಸೋಕ್ಕೆ ಹೇಳಿ. ದೊಡ್ಡವರ ಚಪ್ಪಲಿ ಹತ್ತು ಇಂಚು, ಅಳತೆ ತಾನಾಗೇ ಸಿಗುತ್ತೆ.

ಎರಡನೇದು ರೂಮಿನ ಅಗಲ. ಮಾಳಿಗೆ ಚಪ್ಪಡಿ ಕಲ್ಲಿಂದಾದ್ರೆ, ಕಲ್ಲು ಎಷ್ಟು ಉದ್ದ ಸಿಕ್ಕಿತೋ ರೂಮು ಅಷ್ಟೇ ಅಗಲ: ಎಂಟು, ಹೆಚ್ಚಂದ್ರೆ ಒಂಬತ್ತು ಅಡಿ. ಉದ್ದಕ್ಕೆ ಎಷ್ಟು ಬೇಕಾದರೂ ಹೋಗಬಹುದು. ಆರಡಿ ಅಗಲದ ಮಂಚ ಅಡ್ಡ ಹಾಕಿದರೆ ಎರಡೂ ಪಕ್ಕ ಒಂದೊಂದು ಅಡಿ ಉಳಿಯುತ್ತೆ, ಬ್ಯಾಗ್ ಇಟ್ಟರೆ ಅದೂ ಇಲ್ಲ. ಫೋಟೋ ತೆಗೆದಿರೋದು ವೈಡ್ ಲೆನ್ಸ್‌ನಲ್ಲಿ, ನಂಬಬೇಡಿ. ನೆಲದ ಕಲ್ಲು ಎಣಿಸಿ, ಅಡಿ ಕೇಳಿ. ಎಕ್ಸ್‌ಟ್ರಾ ಬೆಡ್ಡು ಅಂದರೆ ಇಂಥ ರೂಮಿನಲ್ಲಿ ಬಾಗಿಲಿಗೆ ಅಡ್ಡ ಹಾಸಿಗೆ ಅಂತಲೇ ಅರ್ಥ. ನೀವು ನಾಲ್ಕು ಜನ ಎರಡು ರೂಮ್ ಹಿಡಿಯೋದೇ ಸರಿ.

ಮೂರನೇದು ಸೋರೋದು. ಏಪ್ರಿಲ್ ಕೊನೆಗೆ ಸಂಜೆ ಗುಡುಗು ಮಳೆ ಬರೋದು ಉಂಟು. ಚಪ್ಪಡಿ ಮಾಳಿಗೆ ಸೋರಿದರೆ ಕಲ್ಲಿನಲ್ಲಿ ಸೋರಲ್ಲ, ಎರಡು ಕಲ್ಲಿನ ಸಂದಲ್ಲಿ ಸೋರುತ್ತೆ. ತಲೆ ಎತ್ತಿ ನೋಡಿ: ಅಡಿ, ಒಂದೂವರೆ ಅಡಿಗೊಂದರಂತೆ ನೇರ ಗೆರೆ ಎಳೆದ ಹಾಗೆ ಕಲೆ ಇದ್ದರೆ ಸುಣ್ಣದ ಗಾರೆ ಬಿಟ್ಟಿದೆ ಅಂತ. ಬೇರೆ ರೂಮ್ ಇಲ್ಲದಿದ್ದರೆ ಮಂಚವನ್ನಾದರೂ ಆ ಗೆರೆ ಕೆಳಗಿಂದ ಸರಿಸಿ. ಪಿಒಪಿ ಸೀಲಿಂಗ್ ಹೊಡೆದು ಕಲ್ಲು ಮುಚ್ಚಿದ್ದರೆ ಗೆರೆ ಕಾಣಲ್ಲ, ಹಳದಿ ವೃತ್ತ ಕಾಣುತ್ತೆ.

ಗೋಡೆ ಬುಡದಲ್ಲಿ ಎರಡು ಮೂರು ಅಡಿವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಿಳಿ ಪುಡಿ ಉದುರ್ತಾ ಇದ್ದರೆ ಗಾಬರಿ ಬೇಡ, ಗೋಡೆ ಬೀಳಲ್ಲ. ಸುಣ್ಣದ ಗೋಡೆ ನೆಲದ ತೇವ ಎಳೆದು ಹೊರಕ್ಕೆ ಬಿಡ್ತಿತ್ತು. ಪ್ಲಾಸ್ಟಿಕ್ ಪೇಂಟ್ ಬಳಿದು ಅದರ ಉಸಿರು ಕಟ್ಟಿಸಿದ್ದಾರೆ, ಅದಕ್ಕೇ ಹೀಗೆ. ರೇಷ್ಮೆ ಸೀರೆ ಇರೋ ಸೂಟ್‌ಕೇಸು ಆ ಗೋಡೆಗೆ ತಾಗಿಸಬೇಡಿ, ಅಷ್ಟೇ.

ಹೊಸ್ತಿಲು

ಹೊಸ್ತಿಲನ್ನ ಯಾರೂ ಹೇಳಲಿಲ್ಲ. ತಲೆಬಾಗಿಲು, ರೂಮಿನ ಬಾಗಿಲು ಎರಡಕ್ಕೂ ಆರೆಂಟು ಇಂಚಿನ ಹೊಸ್ತಿಲು, ಮೇಲೆ ಐದೂವರೆ ಅಡಿಗೆ ಚೌಕಟ್ಟು. ಎತ್ತರದವರು ಕೆಳಗೆ ನೋಡಿ ದಾಟಿದರೆ ಹಣೆ ಬಡಿಯುತ್ತೆ, ಮೇಲೆ ನೋಡಿ ದಾಟಿದರೆ ಕಾಲ್ಬೆರಳು ಬಡಿಯುತ್ತೆ. ವೀಲ್‌ಚೇರಂತೂ ಆಗದ ಮಾತು.

ಮಹಡಿ ಮೇಲಿನ ರೂಮು ಬೇಡವೇ ಬೇಡ. ಹಳೇ ಮರದ ಮೆಟ್ಟಿಲಿನ ಎತ್ತರ ಒಂಬತ್ತು ಹತ್ತು ಇಂಚು, ಪಾದ ಇಡೋ ಜಾಗ ಎಂಟೇ ಇಂಚು. ಮಂಡಿ ನೋವಿನವರು ಏಣಿ ಇಳಿದ ಹಾಗೆ ಹಿಮ್ಮುಖವಾಗಿ ಇಳೀಬೇಕಾಗುತ್ತೆ.

ಕೆಂಪು ಗಾರೆ ನೆಲ ಇದ್ದರೆ ಇನ್ನೊಂದು ಮಾತು. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆಯೋ ಮೇಣವೋ ಒರೆಸಿರ್ತಾರೆ. ಒದ್ದೆ ಕಾಲಿಟ್ಟರೆ ಐಸ್ ಮೇಲೆ ನಡೆದ ಹಾಗೆ. ಬಾತ್‌ರೂಮ್ ಮೆಟ್ಟಿಲ ಕೆಳಗೆ, ಅಡಿಯಲ್ಲಿ ರಬ್ಬರ್ ಇರೋ ಮ್ಯಾಟ್ ಕೇಳಿ ಹಾಕಿಸಿ. ಬಟ್ಟೆ ಮ್ಯಾಟು ತಾನೂ ಜಾರುತ್ತೆ, ನಿಮ್ಮನ್ನೂ ಜಾರಿಸುತ್ತೆ. ಮಗು ಕೈಯಲ್ಲಿ ನಿಂಬೆ ಶರಬತ್ತು, ಕೋಲಾ ಇದ್ದರೆ ನೆಲಕ್ಕೆ ಚೆಲ್ಲಿದ ತಕ್ಷಣ ಒರೆಸಿ. ಹುಳಿ ಬಿದ್ದ ಕಡೆ ಮಾಸಿದ ಕಲೆ ಉಳಿಯುತ್ತೆ, ಕೆಲವು ಕಡೆ ಅದಕ್ಕೆ ದಂಡ ಹಾಕ್ತಾರೆ.

ವೈರಿಂಗ್ ಕೆಲಸದವರು

ನೀವು ಕೇಳೋ ಮೊದಲ ಪ್ರಶ್ನೆ "ಎಸಿ ಇದೆಯಾ" ಅಂತ ಇರುತ್ತೆ. ಅದರ ಜೊತೆ ಇದನ್ನೂ ಕೇಳಿ: "ಎಸಿ, ಗೀಸರ್ ಒಟ್ಟಿಗೆ ಓಡುತ್ತಾ?" ಒಂದೂವರೆ ಟನ್ ಎಸಿ ಪೂರ್ತಿ ಎಳೆದಾಗ ಸುಮಾರು ಒಂದೂವರೆ ಕಿಲೋವಾಟ್, ಗೀಸರ್ ಎರಡು, ಚಹಾ ಕೆಟಲ್ ಒಂದೂವರೆ. ಒಟ್ಟು ಐದು ಕಿಲೋವಾಟ್, 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 22 ಆಂಪಿಯರ್. ರೂಮಿಗೆ ಕೊಟ್ಟಿರೋ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳೋ ಸ್ವಿಚ್ಚು) 16 ಆಂಪಿಯರ್‌ದಾದ್ರೆ ಬೆಳಿಗ್ಗೆ ಎಲ್ಲ ಸ್ನಾನಕ್ಕೆ ನಿಂತಾಗ ಟಪ್ ಅಂತ ಬೀಳುತ್ತೆ. ಪದೇ ಪದೇ ಎತ್ತಿ ಹಾಕಬೇಡಿ, ಎಸಿ ಆರಿಸಿ ಗೀಸರ್ ಹಾಕಿ. ಮದುವೆ ದಿನ ಎಲ್ಲ ರೂಮಿನಲ್ಲೂ ಐದು ಗಂಟೆಗೇ ಗೀಸರ್ ಓಡುತ್ತೆ ಅನ್ನೋದು ನೆನಪಿರಲಿ. ನೀವು ನಾಲ್ಕೂಕಾಲಿಗೆ ಹಾಕಿ ಇಪ್ಪತ್ತು ನಿಮಿಷಕ್ಕೆ ಆರಿಸಿಬಿಡಿ. 15 ಲೀಟರ್ ಟ್ಯಾಂಕ್ ಅಷ್ಟರಲ್ಲಿ ಕಾದಿರುತ್ತೆ.

ಗೀಸರ್ ಆರಿಸಿಯೇ ನಲ್ಲಿ ಮುಟ್ಟಿ. ಒಣಗಿದ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕದೇ ಬಿಟ್ಟಿದ್ದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡಲ್ಲ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯೋ ಸ್ವಿಚ್ಚು) ಹಾಕಿದ್ದಾರಾ ಅಂತ ಕೇಳೋದು ನಿಮ್ಮ ಹಕ್ಕು. ಹಾಕಿಸಿದವರು ಹೆಮ್ಮೆಯಿಂದ ಬೋರ್ಡ್ ತೆಗೆದು ತೋರಿಸ್ತಾರೆ, ಹಾಕಿಸದವರು "ಎಲ್ಲಾ ಸೇಫ್ಟಿ ಇದೆ" ಅಂತಾರೆ.

"ಇನ್ವರ್ಟರ್ ಎಸಿ ಇದೆ" ಅಂದರೆ ಕರೆಂಟ್ ಹೋದಾಗ ಎಸಿ ಓಡುತ್ತೆ ಅಂತಲ್ಲ. ಅದು ಎಸಿಯ ಜಾತಿ. ಗೋಡೆ ಪಕ್ಕದ ಬ್ಯಾಟರಿ ಇನ್ವರ್ಟರ್ ಎಳೆಯೋದು ಫ್ಯಾನು, ಲೈಟು, ವೈಫೈ. ಎಸಿಗೆ ಜನರೇಟರೇ ಬೇಕು. ಜನರೇಟರ್ ಎಲ್ಲಿಟ್ಟಿದ್ದಾರೆ ಅಂತಲೂ ಕೇಳಿ, ತೊಟ್ಟಿ ಕಡೆಗಿದ್ದರೆ ಸದ್ದೂ ಹೊಗೆಯೂ ಒಳಗೇ ಸುತ್ತುತ್ತೆ.

ಫ್ಯಾನ್ ನೋಡಿ. ಚಪ್ಪಡಿಗೆ ಕೊಕ್ಕೆ ಹೊಡೆಯೋಕ್ಕಾಗಲ್ಲ ಅಂತ ಗೋಡೆಯಿಂದ ಗೋಡೆಗೆ ಕಬ್ಬಿಣದ ಪೈಪ್ ಕೊಟ್ಟು ಫ್ಯಾನ್ ನೇತು ಹಾಕಿರ್ತಾರೆ. ಐದನೇ ನಂಬರಿಗೆ ತಿರುಗಿಸಿ ನಿಮಿಷ ನೋಡಿ, ಪೈಪ್ ನಡುಗಿದರೆ ರೂಮ್ ಬದಲಾಯಿಸಿ. ತಾರಸಿ ಎತ್ತರ ಎಂಟಡಿ ಇದ್ದರೆ ಮಗುವನ್ನ ಮಂಚದ ಮೇಲೆ ನಿಲ್ಲಿಸಿ ಬಟ್ಟೆ ಹಾಕೋದು ಬೇಡ.

ಗಾರೆ ಕೆಲಸದವರು

ಎಸಿ ಮಾತಿಗೆ ಒಂದು ಸೇರಿಸ್ತೀನಿ. "ಕಲ್ಲಿನ ಮನೆ, ತಂಪಾಗಿರುತ್ತೆ" ಅಂತ ಎಲ್ಲರೂ ಹೇಳ್ತಾರೆ. ಹಗಲಿಗೆ ನಿಜ. ಆದರೆ ಮೇಲೆ ಇನ್ನೊಂದು ಅಂತಸ್ತು ಇಲ್ಲದ ರೂಮಾದರೆ ಚಪ್ಪಡಿ, ಅದರ ಮೇಲಿನ ಮಣ್ಣು, ಗಾರೆ ದಿನವಿಡೀ ಬಿಸಿಲು ಕುಡಿದು, ಆ ಕಾವನ್ನ ಸಂಜೆ ಏಳರಿಂದ ರಾತ್ರಿ ಹನ್ನೊಂದರ ತನಕ ಕೆಳಕ್ಕೆ ಬಿಡುತ್ತೆ. ನೀವು ಮಲಗೋ ಹೊತ್ತಿಗೇ ಸರಿಯಾಗಿ. ಮಧ್ಯಾಹ್ನ ಹೋಗಿ ರೂಮ್ ನೋಡಿ "ಆಹಾ" ಅಂದವರು ರಾತ್ರಿ ಬೈತಾರೆ. ಮೇಲಂತಸ್ತು ಇರೋ ಕೆಳಗಿನ ರೂಮ್ ಕೇಳಿ. ಆದರೆ ಮೇಲಿನ ನೆಲ ಮರದ ತೊಲೆ, ಹಲಗೆಯದ್ದಾದರೆ ಯಾರು ನಡೆದರೂ ಧಡಧಡ ಕೇಳುತ್ತೆ. ಅದನ್ನ ಸಹಿಸಿಕೊಳ್ಳಬಹುದು, ಕಾವು ಸಹಿಸೋದು ಕಷ್ಟ.

ನೀರಿನ ಲೈನ್

ಮೂರೇ ಮಾತು.

ಬಿಸಿ ನೀರು ಮಹಡಿ ಮೇಲಿನ ಸೋಲಾರ್‌ನಿಂದ ಬರ್ತಿದ್ದರೆ ಪೈಪ್ ಎಷ್ಟು ದೂರ ಅಂತ ಕೇಳಿ. ಮುಕ್ಕಾಲು ಇಂಚಿನ ಪೈಪ್ ಇಪ್ಪತ್ತು ಮೀಟರ್ ಓಡಿದರೆ ಅದರೊಳಗೇ ಆರು ಲೀಟರ್ ತಣ್ಣೀರು ನಿಂತಿರುತ್ತೆ. "ಬಿಸಿ ನೀರು ಬರ್ತಿಲ್ಲ" ಅಂತ ಕೂಗೋ ಮುಂಚೆ ಅರ್ಧ ಬಕೆಟ್ ಹಿಡಿದಿಟ್ಟುಕೊಳ್ಳಿ, ಬೆರೆಸೋಕ್ಕೆ ಬೇಕೇ ಬೇಕು.

ಬಾತ್‌ರೂಮಲ್ಲಿ ಚರಂಡಿ ವಾಸನೆ ಬಂದರೆ ಬಹುಪಾಲು ರೂಮ್ ಹಲವು ದಿನ ಖಾಲಿ ಇತ್ತು ಅಂತ. ನೆಲದ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ಎರಡು ಇಂಚು ನೀರು ನಿಂತು ಗಾಳಿ ತಡೀಬೇಕು. ಬೇಸಿಗೆಯಲ್ಲಿ ಅದು ಒಣಗಿಹೋಗುತ್ತೆ. ಎರಡು ಚೊಂಬು ನೀರು ಹುಯ್ದು ಕಾಲು ಗಂಟೆ ಬಾಗಿಲು ತೆರೆದಿಡಿ. ಆಗಲೂ ಹೋಗಲಿಲ್ಲ ಅಂದರೆ ಟ್ರ್ಯಾಪ್ ಇಟ್ಟೇ ಇಲ್ಲ, ಸುಗಂಧದ ಕಡ್ಡಿಗೆ ಮರುಳಾಗದೆ ರೂಮ್ ಬದಲಿಸಿ.

ಕೋಲಾರದ ಬೋರ್ ನೀರು ಗಡಸು. ಸೋಪು ನೊರೆ ಬರಲ್ಲ, ಶವರ್ ತೂತು ಕಟ್ಟಿರುತ್ತೆ, ಬಕೆಟ್ ಸ್ನಾನವೇ ವಾಸಿ. ಕುಡಿಯೋಕ್ಕೆ ಆರ್‌ಒ ಫಿಲ್ಟರ್ ಮಾಡಿದ ಇಲ್ಲಾ ಕ್ಯಾನ್ ನೀರೇ. "ಕುದಿಸಿದ್ದು ಕೊಡ್ತೀವಿ" ಅಂದರೆ ಸಾಲದು, ಈ ಜಿಲ್ಲೆಯ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗಲ್ಲ.

ಲಾಡ್ಜ್ ಕೌಂಟರ್

ಏಪ್ರಿಲ್ ಕೊನೆ, ಮೇ ಅಂದರೆ ಮುಹೂರ್ತದ ಕಾಲ. ದರ ಚೌಕಾಶಿಗೆ ಬಗ್ಗಲ್ಲ, ಆಷಾಢದಲ್ಲಿ ಬಂದರೆ ಮಾತಾಡಬಹುದಿತ್ತು. ಈಗ ಚೌಕಾಶಿ ದರಕ್ಕಲ್ಲ, ರೂಮಿಗೆ ಮಾಡಿ: "ಕೆಳಗಿನ ರೂಮ್ ನಂಬರ್ ಇಂತಿಷ್ಟು" ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡು ಮುಂಗಡ ಕೊಡಿ. ಬರೀ "ಹೆರಿಟೇಜ್ ರೂಮ್" ಅಂತ ಬುಕ್ ಮಾಡಿದವರಿಗೆ ಕೊನೆಗೆ ಉಳಿಯೋದು ಮೆಟ್ಟಿಲ ಪಕ್ಕದ್ದು ಇಲ್ಲಾ ಅಡಿಗೆಮನೆ ಪಕ್ಕದ್ದು. ತೊಟ್ಟಿ ಅಂದರೆ ಬಾವಿ ಇದ್ದ ಹಾಗೆ, ಬೆಳಿಗ್ಗೆ ಐದಕ್ಕೆ ಒಂದು ಚೊಂಬು ಬಿದ್ದರೂ ನಾಲ್ಕೂ ಕಡೆ ಮೊಳಗುತ್ತೆ. ಮೂಲೆ ರೂಮ್ ಒಳ್ಳೇದು. ಬೀದಿ ಕಡೆಯದ್ದಾದರೆ ಪೇಟೆ ಸದ್ದು ಬೆಳಗಿನ ಜಾವಕ್ಕೇ ಶುರು.

ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೋ, 24 ಗಂಟೆ ಲೆಕ್ಕವೋ, ಮೊದಲೇ ಕೇಳಿ. ಧಾರೆ ಮುಗಿಸಿ ಊಟ ಮಾಡಿ ಬರೋ ಹೊತ್ತಿಗೆ ಮೂರಾಗುತ್ತೆ, ಅರ್ಧ ದಿನದ ಬಾಡಿಗೆ ಸೇರಿಕೊಳ್ಳುತ್ತೆ. ತೆರಿಗೆ: ದಿನಕ್ಕೆ 7,500 ರೂಪಾಯಿ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು, ಹಳೇ ದರಪಟ್ಟಿ ನೋಡಿ ಯಾರಾದರೂ 12 ಹಾಕಿದರೆ ತಿದ್ದಿಸಿ. ಜಿಎಸ್‌ಟಿ ನಂಬರೇ ಇಲ್ಲದ ಬಿಲ್‌ನಲ್ಲಿ ಜಿಎಸ್‌ಟಿ ಹಾಕೋ ಹಾಗಿಲ್ಲ.

ನಗದು ಇಟ್ಟುಕೊಂಡಿರಿ. ಎರಡಡಿ ದಪ್ಪದ ಕಲ್ಲುಗೋಡೆಯೊಳಗೆ ಮೊಬೈಲ್ ಸಿಗ್ನಲ್ ಬರೋದು ಅಪರೂಪ, ಸ್ಕ್ಯಾನ್ ಮಾಡಿ ಜಗಲಿಗೆ ಓಡಬೇಕಾಗುತ್ತೆ.

ಇಷ್ಟೂ ಜನ ಬಿಟ್ಟ ವಿಷಯ ಒಂದಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ರಾತ್ರಿ ತಲೆಬಾಗಿಲಿನ ಅಗಳಿ ಹಾಕಿದ ಮೇಲೆ ಬೀಗದ ಕೈ ಯಾರ ಹತ್ತಿರ? ಹಳೇ ಮನೆಗೆ ಕಿಟಕಿ ತುಂಬ ಕಬ್ಬಿಣದ ಸರಳು, ಹೊರಬೀಳೋ ದಾರಿ ಒಂದೇ. ಹಿತ್ತಲ ಬಾಗಿಲು ಇದೆಯಾ, ಅದನ್ನ ಸಾಮಾನು ಪೇರಿಸಿ ಮುಚ್ಚಿದ್ದಾರಾ ಅಂತ ಮೊದಲ ಸಂಜೆಯೇ ನಡೆದು ನೋಡಿ. ಬೆಂಕಿ ಆರಿಸೋ ಸಿಲಿಂಡರ್‌ನ ಮುಳ್ಳು ಹಸಿರಲ್ಲಿರಬೇಕು. ಲಾಡ್ಜಿನ ಕೆಲಸದ ಹುಡುಗ ರಾತ್ರಿ ಒಳಗೇ ಮಲಗ್ತಾನೋ ಮನೆಗೆ ಹೋಗ್ತಾನೋ ಕೇಳಿ. ಹೋಗ್ತಾನೆ ಅಂದರೆ ಒಂದು ಕೀ ನಿಮಗೆ ಕೊಡಲಿ.

ಪೇಟೆಯವರು

ಕಾರನ್ನ ಬಾಗಿಲ ತನಕ ತರೋ ಯೋಚನೆ ಬಿಡಿ. ಪೇಟೆ ಓಣಿಯಲ್ಲಿ ಎದುರಿಗೆ ಒಂದು ಟೊಮ್ಯಾಟೊ ಗಾಡಿ ಬಂದರೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಪಾರ್ಕಿಂಗ್ "ಇದೆ" ಅಂದರೆ ಎಷ್ಟು ಹೆಜ್ಜೆ ದೂರ ಕೇಳಿ, ಮಾವನನ್ನೂ ಲಗೇಜನ್ನೂ ಆಟೋದಲ್ಲಿ ಕಳಿಸಿ. ರೈಲಲ್ಲಿ ಬರೋ ನೆಂಟರಿಗೆ ಬಂಗಾರಪೇಟೆ ಜಂಕ್ಷನ್ನೇ ಅನುಕೂಲ.

ಪೇಟೆ ಒಳಗೆ ಇರೋದರ ಲಾಭ ಬೆಳಿಗ್ಗೆ. ಬಿಸಿಲೇರೋಕ್ಕೆ ಮುಂಚೆ ಸೋಮೇಶ್ವರ ದೇವಸ್ಥಾನದ ಕಲ್ಯಾಣಮಂಟಪದ ಕಂಬ ನೋಡಿ, ಕೋಲಾರಮ್ಮನ ಗುಡಿಗೆ ಹೋಗಿ ಬರಬಹುದು. ಅಲ್ಲಿ ಚೇಳು ಕಚ್ಚದ ಹಾಗೆ ಕಾಯ್ತಾಳೆ ಅಂತ ನಂಬೋ ಚೇಳಮ್ಮನಿಗೂ ಕೈಮುಗೀರಿ. ಕಲ್ಲುಮನೆಯಲ್ಲಿ ಇರೋರು ಬೂಟು ಕೊಡವಿ ಹಾಕೋ ಅಭ್ಯಾಸವನ್ನೂ ಇಟ್ಟುಕೊಂಡಿರಿ, ಎಲ್ಲ ಭಾರವನ್ನ ದೇವರ ಮೇಲೆ ಹಾಕೋದು ಸರಿಯಲ್ಲ.

ಸೊಳ್ಳೆ: ತೊಟ್ಟಿ ನಡುವೆ ಹೂ ತೇಲಿಸಿದ ಉರುಳಿ ಫೋಟೋದಲ್ಲಿ ಇದೆಯಾ? ಅದರ ನೀರು ದಿನಾ ಬದಲಿಸ್ತಾರಾ ಕೇಳಿ.

ಕೇಳಿದವರು

ಫೋನ್ ಮಾಡಿದೆ. ಕೆಳಗಡೆ ಎರಡು ರೂಮ್ ಇದೆಯಂತೆ, ಒಂದರ ಮೇಲೆ ಅಂತಸ್ತು ಇದೆ, ಇನ್ನೊಂದರ ಮೇಲೆ ಬಯಲು ಮಾಳಿಗೆ. ಚಪ್ಪಲಿ ಇಟ್ಟು ತೋರಿಸಿದರು, ಮೆಟ್ಟಿಲು ಚಪ್ಪಲಿಗಿಂತ ಸ್ವಲ್ಪವೇ ಕಮ್ಮಿ. ಹಿಡಿ ಇಲ್ಲ. ಮಾವನಿಗೆ ಯಾವುದು?

ಗಾರೆ ಕೆಲಸದವರು

ಅಂತಸ್ತು ಇರೋದು ಮಾವನಿಗೆ. ಮೆಟ್ಟಿಲ ಮುಂದೆ ಇಡೋಕ್ಕೆ ನಾಲ್ಕು ಇಂಚು ಎತ್ತರದ, ಎರಡಡಿ ಅಗಲದ ಮರದ ಮಣೆ ಕೇಳಿ. ಇಲ್ಲ ಅಂದರೆ ಎರಡು ಸಿಮೆಂಟ್ ಇಟ್ಟಿಗೆ ಜೋಡಿಸಿ ಕೊಡ್ತೀವಿ ಅಂತಾರೆ. ಅದಕ್ಕೆ ಒಪ್ಪಬೇಡಿ, ಅಲ್ಲಾಡುತ್ತೆ. ಹಿಡಿಗೆ ಬದಲು ಬಾಗಿಲ ಪಕ್ಕ ಭಾರದ ಕುರ್ಚಿ ಬೆನ್ನು ತಿರುಗಿಸಿ ಇಡಿ, ಪ್ಲಾಸ್ಟಿಕ್ ಕುರ್ಚಿ ಬೇಡ. ರಾತ್ರಿ ಬಾತ್‌ರೂಮ್ ದೀಪ ಉರೀತಾ ಇರಲಿ.