ಗೌನ್ ಮೊದಲೋ ಗ್ಲೌಸ್ ಮೊದಲೋ? ಜೊತೆಗೆ ಮಳೆಗಾಲದ ಒದ್ದೆ ಗೌನ್

ವಾರ್ಡ್ ಸಿಸ್ಟರ್, ಕಾರವಾರ:
ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್ಕಿಗೆ ಜಗ್ಗದ ಬ್ಯಾಕ್ಟೀರಿಯಾ) ಇರುವ ಗಾಯದ ರೋಗಿಗೆ ಬೇರೆ ಕೋಣೆ ಕೊಟ್ಟಿದ್ದೇವೆ. ಒಳಗೆ ಹೋಗುವವರೆಲ್ಲ ಗೌನ್, ಗ್ಲೌಸ್ ಹಾಕುತ್ತಾರೆ, ಕಳಚುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಕ್ರಮ. ಸರಿಯಾದದ್ದು ಯಾವುದು? ಈ ಮಳೆಗೆ ಬಟ್ಟೆ ಗೌನ್ ಒಣಗುವುದೇ ಇಲ್ಲ. ಅರೆಬರೆ ಒಣಗಿದ್ದನ್ನು ಹಾಕಬಹುದೇ?

ಸೋಂಕು ನಿಯಂತ್ರಣ, ಶಿರಸಿ:
ಹಾಕುವಾಗ ಗೌನ್ ಮೊದಲು. ಕುತ್ತಿಗೆ, ಸೊಂಟದ ಲಾಡಿ ಎರಡನ್ನೂ ಕಟ್ಟಿ. ಗ್ಲೌಸಿನ ಅಂಚು ಗೌನಿನ ತೋಳಿನ ಮೇಲೆ ಬರಬೇಕು, ಮಣಿಕಟ್ಟಿನ ಚರ್ಮ ಕಾಣಬಾರದು.

ಕಳಚುವಾಗ ಗ್ಲೌಸ್ ಮೊದಲು, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಕೊಳೆ ಅದರದೇ. ಒಂದನ್ನು ಅಂಗೈ ಬಳಿ ಹೊರಗಿನಿಂದ ಹಿಡಿದು ಒಳಮಗ್ಗುಲು ಹೊರಗಾಗುವಂತೆ ಎಳೆದು, ಇನ್ನೊಂದು ಕೈಯ ಮುಷ್ಟಿಯಲ್ಲಿ ಇಟ್ಟುಕೊಳ್ಳಿ. ಬರಿಗೈ ಬೆರಳನ್ನು ಎರಡನೆಯದರ ಅಂಚಿನ ಒಳಗೆ ತೂರಿಸಿ, ಮೊದಲಿನದರ ಮೇಲೆ ಮಗುಚಿ. ಆಮೇಲೆ ಗೌನ್: ಲಾಡಿ ಬಿಚ್ಚಿ, ಒಳಭಾಗವನ್ನಷ್ಟೇ ಮುಟ್ಟುತ್ತ ಭುಜದಿಂದ ಜಾರಿಸಿ, ಒಳಮುಖ ಹೊರಗಾಗಿ ಸುತ್ತಿ. ಕೊನೆಗೆ ಕೈಗೆ ರಬ್ (ಆಲ್ಕೋಹಾಲ್ ಸ್ಯಾನಿಟೈಸರ್), 20ರಿಂದ 30 ಸೆಕೆಂಡು. ಗ್ಲೌಸಿನಲ್ಲಿ ಕಾಣದ ತೂತಿರಬಹುದು, ಹಾಗಾಗಿ ಈ ಹಂತ ಬಿಡಲೇಬೇಡಿ. ಎಲ್ಲವೂ ಕೋಣೆಯೊಳಗೇ ಮುಗಿಯಲಿ.

ದೊಡ್ಡ ತೊಂದರೆ ಬರುವುದು ಗ್ಲೌಸ್ ಇದೆ ಎಂಬ ಧೈರ್ಯದಿಂದ. ಡ್ರೆಸ್ಸಿಂಗ್ ಮುಟ್ಟಿದ ಗ್ಲೌಸಿನಲ್ಲೇ ಕೇಸ್ ಶೀಟ್, ಪರದೆ, ಮೊಬೈಲ್! ಗ್ಲೌಸಿನ ಮೇಲೆ ಸ್ಯಾನಿಟೈಸರ್ ಸವರಿ ಮುಂದಿನ ರೋಗಿಗೆ ಹೋಗುವುದೂ ತಪ್ಪು. ಒಬ್ಬರೇ ರೋಗಿಯಾದರೂ ಕೊಳೆ ಗಾಯದಿಂದ ಡ್ರಿಪ್ಪಿನತ್ತ ಹೋಗುವಾಗ ಗ್ಲೌಸ್ ಬದಲಿಸಿ, ನಡುವೆ ಕೈಗೆ ರಬ್ ಹಾಕಿ.

ಲಾಂಡ್ರಿ ಮೇಲ್ವಿಚಾರಕ, ಕುಮಟಾ:
ಒದ್ದೆ ಗೌನ್ ಖಂಡಿತ ಬೇಡ. ತೇವ ಬಟ್ಟೆಯ ಎಳೆಗಳ ಮೂಲಕವೇ ಸೂಕ್ಷ್ಮಾಣು ಒಳಗೆ ದಾಟುತ್ತದೆ. 71 ಡಿಗ್ರಿ ಬಿಸಿ ನೀರಿನಲ್ಲಿ 25 ನಿಮಿಷ ಒಗೆದು, ಡ್ರೈಯರಿನಲ್ಲಿ ಹೊಲಿಗೆಯ ಅಂಚೂ ಒಣಗುವವರೆಗೆ ಬಿಡಿ. ಕೀವು, ರಕ್ತ ಸಿಡಿಯುವ ಕೆಲಸಕ್ಕೆ ಒಣ ಬಟ್ಟೆಯೂ ಸಾಲದು, ನೀರು ಹಾಯದ ಗೌನೇ ಬೇಕು.

ಇನ್ನೊಂದು ಮಾತು: ಕೈಗೆ ತೆಂಗಿನೆಣ್ಣೆ ಹಚ್ಚಿ ಲ್ಯಾಟೆಕ್ಸ್ ಗ್ಲೌಸ್ ಹಾಕಬೇಡಿ. ಎಣ್ಣೆಗೆ ರಬ್ಬರ್ ಉಬ್ಬಿ ಸಡಿಲಾಗಿ ಹರಿಯುತ್ತದೆ.

ವಾರ್ಡ್ ಸಿಸ್ಟರ್, ಕಾರವಾರ:
ಬಹಳ ಉಪಕಾರವಾಯಿತು. ಬಳಸಿದ್ದು ಯಾವ ಚೀಲಕ್ಕೆ? ಸಿದ್ದಾಪುರದ ಕಡೆಯಿಂದ ಮಂಗನ ಕಾಯಿಲೆಯವರು ಬಂದರೂ ಇದೇ ಕ್ರಮವೇ?

ಸೋಂಕು ನಿಯಂತ್ರಣ, ಶಿರಸಿ:
ಆಸ್ಪತ್ರೆ ತ್ಯಾಜ್ಯದ 2016ರ ನಿಯಮದಂತೆ ಗ್ಲೌಸ್ ಕೆಂಪು ಚೀಲಕ್ಕೆ, ಒಮ್ಮೆ ಬಳಸಿ ಎಸೆಯುವ ಗೌನ್ ಹಳದಿಗೆ. ಮಂಗನ ಕಾಯಿಲೆ ಉಣುಗಿನಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಪ್ರತ್ಯೇಕ ಕೋಣೆ ಬೇಡ. ರಕ್ತ ತೆಗೆಯುವಾಗ ಗ್ಲೌಸ್, ಸೂಜಿಯ ಎಚ್ಚರ ಸಾಕು. ಆದರೆ ಬಿಡದ ಭೇದಿಗೆ ಸಿ. ಡಿಫಿಸಿಲ್ ಎಂಬ ಕರುಳಿನ ಬ್ಯಾಕ್ಟೀರಿಯಾ ಕಾರಣವೆಂದು ಅನುಮಾನವಿದ್ದರೆ ರಬ್ ನಂಬಬೇಡಿ. ಅದರ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಗ್ಲೌಸ್ ತೆಗೆದ ಮೇಲೆ ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು ತೊಳೆಯಿರಿ.